ಕುವಾನ್ ಕೈ, ಬೋ-ಹಾನ್ ಮುದ್ರೆ

ನಮ್ಮ ಕ್ಲಿನಿಕ್ಕಿನಲ್ಲಿ ಕೈಕಾಲು ಬಿದ್ದವರನ್ನು ಎಬ್ಬಿಸಿ ನಡೆಸುತ್ತಿದ್ದವಳು ಕುವಾನ್. ಕಾಗದದ ಮೇಲೆ ಮಾತ್ರ ಆ ಕೆಲಸ ಮಾಡುತ್ತಿದ್ದವನು ಬೋ-ಹಾನ್. ಅವನ ಹೆಸರಿನ ಮುದ್ರೆ ನನ್ನ ಮೇಜಿನ ಖಾನೆಯಲ್ಲಿ, ಬೆನ್ನುನೋವಿನ ಮುಲಾಮಿನ ಪಕ್ಕ ಇರುತ್ತಿತ್ತು. ಹನ್ನೊಂದು ವರ್ಷ ಅದನ್ನು ಒತ್ತಿದವಳು ನಾನು. ಹುವೇಯ್ ಊರಿನಲ್ಲಿ ಯಾರ ಸೊಂಟ ಯಾವತ್ತು ಹಿಡಿಯಿತು ಎಂದು ಕೇಳಿ, ಈ ಸು-ಓ ನೆನಪಿನಿಂದಲೇ ಹೇಳುತ್ತಾಳೆ.

ಸರ್ಕಾರದ ಆರೋಗ್ಯ ವಿಮೆಯ ಲೆಕ್ಕ ಸುಲಭ. ಡಾಕ್ಟರು ಒಮ್ಮೆ ನೋಡಿದರೆ ಆರು ಸಲ ವ್ಯಾಯಾಮ, ಶಾಖ, ಎಳೆತ. ಒಂದು ದಪ್ಪ ಚೀಟಿಯಲ್ಲಿ ಆರು ಮನೆ. ಒಂದೊಂದು ಸಲಕ್ಕೂ ಒಂದೊಂದು ಮನೆಯಲ್ಲಿ ಲೈಸೆನ್ಸ್ ಇರುವ ಥೆರಪಿಸ್ಟಿನ ಮುದ್ರೆ ಬೀಳಬೇಕು. ಆರೂ ತುಂಬಿದರೆ ನಾನು ಬಿಲ್ಲು ಮೇಲಕ್ಕೆ ಕಳಿಸುತ್ತೇನೆ. ಮೂವತ್ತು ದಿನದೊಳಗೆ ಆರು ಮುಗಿಸದಿದ್ದರೆ ಉಳಿದ ಮನೆಗಳು ದಂಡ, ರೋಗಿ ಹೊಸ ಚೀಟಿಗೆ ಮತ್ತೆ ದುಡ್ಡು ಕಟ್ಟಬೇಕು. ಬೋ-ಹಾನ್‌ನ ಲೈಸೆನ್ಸು ಗಾಜು ಹಾಕಿಸಿಕೊಂಡು ನಮ್ಮ ಗೋಡೆಯ ಮೇಲಿತ್ತು, ಅವನು ಮಾತ್ರ ತೈಚುಂಗಿನ ಒಂದು ಜಿಮ್ಮಿನಲ್ಲಿ ಶ್ರೀಮಂತರ ಹೊಟ್ಟೆ ಕರಗಿಸುತ್ತಿದ್ದ. ಲೈಸೆನ್ಸಿನ ಬಾಡಿಗೆ ತಿಂಗಳು ತಿಂಗಳು ಅವನಿಗೆ ಹೋಗುತ್ತಿತ್ತು. ತಿಂಗಳಿಗೊಂದು ಶನಿವಾರ ಬಂದು, ನನ್ನ ಪೇರಳೆಹಣ್ಣು ತಿಂದು, ತನ್ನ ಲೈಸೆನ್ಸಿನ ಗಾಜಿನಲ್ಲಿ ತಲೆ ಬಾಚಿಕೊಂಡು ಹೋಗುತ್ತಿದ್ದ.

ಕುವಾನ್‌ಗೆ ಲೈಸೆನ್ಸಿಲ್ಲ. ಪರೀಕ್ಷೆಗೆ ಕೂರಲು ಕಾಲೇಜು ಓದಿರಬೇಕು, ಅವಳು ಓದಿದ್ದು ಒಂಬತ್ತನೆಯ ತರಗತಿ. ಹದಿನೆಂಟು ವರ್ಷದ ಹಿಂದೆ ಅತ್ತೆಯನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಬಂದವಳು, ಅತ್ತೆ ಸತ್ತ ಮೇಲೂ ಇಲ್ಲೇ ಉಳಿದಳು. ಆಗಿನ ಹಳೇ ಥೆರಪಿಸ್ಟ್ ಒಬ್ಬಾಕೆ ಕಲಿಸಿದಳು. ಸಿಕ್ಕಿಬಿದ್ದರೆ ಜೈಲು ಎಂದು ಅವಳಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು, ಕ್ಲಿನಿಕ್ಕಿನ ಮಾಲೀಕ ಡಾಕ್ಟರ್ ಕೋಗೂ ಗೊತ್ತಿತ್ತು. ಊರಿಗೆಲ್ಲ ಗೊತ್ತಿದ್ದ ಗುಟ್ಟನ್ನು ಗುಟ್ಟು ಎನ್ನುವುದೂ ನಾಚಿಕೆಗೇಡು.

ನಮ್ಮಲ್ಲಿಗೆ ಬರುವವರಲ್ಲಿ ಅರ್ಧಕ್ಕರ್ಧ ಜನಕ್ಕೆ ಕಾಯಿಲೆಯೇ ಇಲ್ಲ. ಬೆನ್ನಿಗೊಂದು ಬಿಸಿ ಚೀಲ ಕಟ್ಟಿಸಿಕೊಂಡು ಸೊಸೆಯರನ್ನು ಬೈಯಲು ಬರುತ್ತಾರೆ. ಅವರ ನಡುವೆ ನಿಜವಾದ ರೋಗಿ ಎಂದರೆ ಲ್ಯಾವ್ ಅಜ್ಜ. ಸಕ್ಕರೆ ಕಾರ್ಖಾನೆಯ ಕಬ್ಬಿನ ಪುಟ್ಟ ರೈಲು ಓಡಿಸುತ್ತಿದ್ದವರು. ಲಕ್ವ ಹೊಡೆದು ಬಲಗಡೆ ಸತ್ತಿತ್ತು, ಮಾತು ಪೂರ್ತಿ ಹೋಗಿತ್ತು. ಅವರ ಹೆಂಡತಿ ಬೀ-ಯೂ ಅವರನ್ನು ತಳ್ಳಿಕೊಂಡು ಬಂದ ಮೊದಲ ದಿನ ಡಾಕ್ಟರ್ ಕೋ ನನ್ನ ಕಿವಿಯಲ್ಲಿ, "ಇದು ಏಳೋ ಮಾಲಲ್ಲ, ಆದ್ರೆ ಚೀಟಿ ತುಂಬುತ್ತೆ," ಎಂದಿದ್ದರು.

ಕುವಾನ್‌ಗೆ ಅದನ್ನು ಯಾರೂ ಹೇಳಿರಲಿಲ್ಲ. ಒಂದು ವರ್ಷ ಅವಳು ಆ ಮುದುಕನ ಕಾಲಿನ ಜೊತೆ ಜಗಳವಾಡಿದಳು. ಎರಡು ಕಂಬಿಗಳ ನಡುವೆ ಅವರನ್ನು ನಿಲ್ಲಿಸಿ, ಆ ತುದಿಗೆ ಹೋಗಿ ನಿಂತು ಕರೆಯುತ್ತಿದ್ದಳು.

"ಬಾ ಅಜ್ಜ, ಬಾ. ಎಡಗಾಲು ಇಂಜಿನ್ನು, ಬಲಗಾಲು ಡಬ್ಬಿ. ಇಂಜಿನ್ ಬಂದ್ಮೇಲೆ ಡಬ್ಬಿ ಬರ್ದೆ ಎಲ್ಲಿಗ್ ಹೋಗತ್ತೆ? ಇವತ್ತು ಬರ್ಲಿಲ್ಲ ಅಂದ್ರೆ ನಾಳೆ ಇನ್ನೂ ದೂರ ನಿಲ್ತೀನಿ ನೋಡು."

ಹೇಳಿದಂತೆಯೇ ಮಾಡುತ್ತಿದ್ದಳು. ಒಂದು ದಿನ ಒಂದು ಗೇಣು, ಮರುದಿನ ಎರಡು ಗೇಣು ದೂರ. ಅಜ್ಜ ಕಂಬಿ ಬಿಡದೆ, ಜೊಲ್ಲು ಸುರಿಸುತ್ತ, ಬೆವರುತ್ತ ಅವಳ ಕಡೆಗೆ ಹೋಗುತ್ತಿದ್ದರು. ಕಂಬಿ ಬಿಟ್ಟು ನಡೆದದ್ದು ಮಾತ್ರ ಒಂದು ದಿನವೂ ಇಲ್ಲ.

ವಿಮೆ ಕಚೇರಿಯಿಂದ ತಪಾಸಣೆ ಬರುತ್ತದೆ ಎಂದು ಡಾಕ್ಟರ್ ಕೋಗೆ ಯಾರೋ ಗೆಳೆಯರು ಒಂದು ದಿನ ಮುಂಚೆ ಸುಳಿವು ಕೊಟ್ಟರು. ಅವತ್ತು ಮಧ್ಯಾಹ್ನವೇ ನಾಟಕದ ಪಾತ್ರ ಹಂಚಿಕೆಯಾಯಿತು. ಬೋ-ಹಾನ್ ಬೆಳಗ್ಗೆಯೇ ಬಂದು ಬಿಳಿ ಕೋಟು ಹಾಕಿಕೊಳ್ಳಬೇಕು. ಕುವಾನ್ ರಜೆ ಹಾಕಿದರೆ, ಬಂದ ಮುದುಕಿಯರೆಲ್ಲ ಅವಳೆಲ್ಲಿ ಎಂದು ಬಾಯಿ ಬಿಡುತ್ತಾರೆ. ಆದ್ದರಿಂದ ಅವಳು ಏಪ್ರನ್ ಕಟ್ಟಿಕೊಂಡು ನೆಲ ಒರೆಸುವವಳಾಗಬೇಕು. ಮುದುಕಿಯರಿಗೆ ಪಾಠ ಹೇಳಿಕೊಡುವ ಕೆಲಸ ನನ್ನದು.

"ಯಾರು ಕೇಳಿದ್ರೂ ಹ್ಸು ಬೋ-ಹಾನ್ ಟೀಚರ್ ಅನ್ಬೇಕು, ಗೊತ್ತಾಯ್ತಾ?" ಎಂದೆ. ಹ್ಸು ಅವನ ಮನೆತನದ ಹೆಸರು, ಥೆರಪಿಸ್ಟನ್ನು ನಮ್ಮಲ್ಲಿ ಟೀಚರ್ ಎಂದೇ ಕರೆಯುವುದು.

ಕುತ್ತಿಗೆಗೆ ಎಳೆತದ ಪಟ್ಟಿ ಹಾಕಿಸಿಕೊಂಡು ಕೂತಿದ್ದ ಎಂಬತ್ತರ ಮುದುಕಿಯೊಬ್ಬಳು ನಕ್ಕಳು. "ನಮಗೇನೇ ಹೇಳ್ಕೊಡ್ತೀಯ ಸು-ಓ? ಅತ್ತೆಗೆ ನಲವತ್ತು ವರ್ಷ ಸುಳ್ಳು ಹೇಳ್ಕೊಂಡು ಬಾಳಿದ್ದೀವಿ. ಸರ್ಕಾರ ಯಾವ ಲೆಕ್ಕ!"

ಲ್ಯಾವ್ ಅಜ್ಜನಿಗೆ ಸುಳ್ಳು ಕಲಿಸಲು ಆಗುತ್ತಿರಲಿಲ್ಲ. ಅದಕ್ಕೇ ಬೀ-ಯೂಗೆ ಫೋನ್ ಮಾಡಿ, ನಾಳೆ ಮಾತ್ರ ಕರೆದುಕೊಂಡು ಬರಬೇಡ ಎಂದು ಕಾರಣ ಸಮೇತ ಹೇಳಿದೆ. ಆಯ್ತು ಆಯ್ತು ಎಂದಳು.

ಮರುದಿನ ಒಂಬತ್ತೂವರೆಗೆ ಗಂಡನನ್ನು ತಳ್ಳಿಕೊಂಡು ಬಂದೇಬಿಟ್ಟಳು. ತಪಾಸಣೆಗೆ ಬಂದ ಫಾಂಗ್ ಎಂಬ ಹೆಂಗಸು ಆಗಲೇ ಒಳಗೆ ಕೂತಿದ್ದಳು. ನಾನು ಕೌಂಟರಿನ ಮೇಲೆ ಬಾಗಿ ಹಲ್ಲು ಕಚ್ಚಿ ಕೇಳಿದೆ, "ಬರ್ಬೇಡ ಅಂದಿರ್ಲಿಲ್ವಾ?"

"ಇವತ್ತು ಮೂವತ್ತನೇ ದಿನ ಕಣೇ," ಎಂದು ಅವಳೂ ಪಿಸುಗುಟ್ಟಿದಳು. "ಆರನೇ ಮನೆ ಖಾಲಿ ಇದೆ. ಇವತ್ತು ಬರ್ಲಿಲ್ಲ ಅಂದ್ರೆ ಹೋಯ್ತು. ದುಡ್ಡು ಕಟ್ಟಿದ್ದು ನಾನು, ಒಂದು ಮನೆ ಸರ್ಕಾರಕ್ಕೆ ಯಾಕೆ ಬಿಟ್ಟುಕೊಡ್ಲಿ? ಇವ್ರಿಗೆ ಮಾತು ಬರಲ್ಲ, ನಾನು ಬಾಯ್ ಬಿಡಲ್ಲ. ನಿಂದೊಂದು ಹೆದ್ರಿಕೆ."

ಇದು ನಮ್ಮೂರಿನ ಬುದ್ಧಿ. ಮನೆ ಹೊತ್ತಿ ಉರಿಯುತ್ತಿದ್ದರೂ ಆರನೆಯ ಮನೆ ಖಾಲಿ ಬಿಡುವುದಿಲ್ಲ. ಬೇರೆ ದಿನವಾಗಿದ್ದರೆ ನಾನು ಹೊಗಳುತ್ತಿದ್ದೆನೋ ಏನೋ.

ಫಾಂಗ್ ಮೂವತ್ತು ದಾಟಿರದ, ಮೆಲ್ಲಗೆ ಮಾತಾಡುವ ಹೆಂಗಸು. ನಾವು ಕೊಟ್ಟ ಚಹಾ ಮುಟ್ಟಲಿಲ್ಲ, ತನ್ನದೇ ಬಾಟಲಿಯ ನೀರು ಕುಡಿದಳು. ಮುದುಕಿಯರು ಒಬ್ಬರಿಗಿಂತ ಒಬ್ಬರು ಚೆನ್ನಾಗಿ ಸುಳ್ಳು ಹೇಳಿದರು. ಬೋ-ಹಾನ್ ಬಿಸಿ ಚೀಲದ ಯಂತ್ರದ ಗುಂಡಿ ಎಲ್ಲಿದೆ ಎಂದು ಗೊತ್ತಾಗದೆ ಬೆವರುತ್ತಿದ್ದಾಗ, ಆ ಎಂಬತ್ತರ ಮುದುಕಿ ಮಲಗಿದಲ್ಲಿಂದಲೇ ಕಾಲ್ಬೆರಳಿನಲ್ಲಿ ತೋರಿಸಿಕೊಟ್ಟಳು. ಕುವಾನ್ ಬಾಗಿಲ ಹತ್ತಿರ ಒರೆಸಿದ ನೆಲವನ್ನೇ ಒರೆಸುತ್ತಿದ್ದಳು. ಇನ್ನೇನು ಎಲ್ಲ ಮುಗಿಯಿತು ಎನ್ನುವಾಗ ಫಾಂಗ್ ಗಾಲಿಕುರ್ಚಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ಅಜ್ಜ, ನಿಮ್ಗೆ ಇಲ್ಲಿ ವ್ಯಾಯಾಮ ಮಾಡ್ಸೋರು ಯಾರು?"

"ಇವ್ರೇ, ಹ್ಸು ಟೀಚರ್ರು. ದೇವರಂಥ ಮನುಷ್ಯ," ಎಂದಳು ಬೀ-ಯೂ.

ಬೋ-ಹಾನ್ ಮುಂದೆ ಬಂದು ಬಹಳ ದಿನದ ಪರಿಚಯವಿರುವಂತೆ ಅಜ್ಜನ ಹೆಗಲ ಮೇಲೆ ಕೈಯಿಟ್ಟ. ಅಜ್ಜ ಆ ಕೈಯನ್ನು ನೋಡಿದರು. ಆಮೇಲೆ ತಲೆಯೆತ್ತಿ ಇಡೀ ಕೋಣೆ ಹುಡುಕಿದರು. ಬಾಗಿಲ ಬಳಿ ಕುವಾನ್ ಕಾಣಿಸಿದಳು. ಅವಳು ತಟ್ಟನೆ ಮುಖ ತಿರುಗಿಸಿ ಗೋಡೆ ನೋಡುತ್ತ ನಿಂತಳು.

ಆ ಮುದುಕನ ತಲೆಯಲ್ಲಿ ಏನು ಓಡಿತು ಎಂದು ನನಗೆ ಚೆನ್ನಾಗಿ ಗೊತ್ತು. ದಿನಾ ಒಂದೊಂದು ಗೇಣು ದೂರ ಹೋಗುತ್ತಿದ್ದವಳು ಇವತ್ತು ಬಾಗಿಲ ತನಕ ಹೋಗಿದ್ದಾಳೆ, ಇವತ್ತಿನ ಪಾಠ ಇಷ್ಟು ದೂರ, ಅಷ್ಟೇ. ಎಡಗೈ ಊರಿ ಎದ್ದು ನಿಂತರು. ಬೀ-ಯೂ ಅವರ ಅಂಗಿ ಹಿಡಿದು ಎಳೆದಳು, ಕೊಡವಿಕೊಂಡರು. ಇಂಜಿನ್ನು ಮುಂದೆ ಹೋಯಿತು, ಡಬ್ಬಿ ಹಿಂದೆ ಬಂತು. ಕಂಬಿಯಿಲ್ಲ, ಕೋಲಿಲ್ಲ. ಒಂದು, ಎರಡು, ಮೂರು. ಪಾಠವನ್ನೆಲ್ಲ ಮರೆತ ಒಬ್ಬ ಮುದುಕಿ ಚಪ್ಪಾಳೆ ತಟ್ಟಿದಳು. ನಾಲ್ಕು. ಐದನೆಯ ಹೆಜ್ಜೆಗೆ ಬಲಮಂಡಿ ಕುಸಿಯಿತು.

ಬೀಳಲಿ ಎಂದು ನಾನು ಬೇಡಿಕೊಂಡೆ. ಸುಳ್ಳು ಹೇಳುವುದಿಲ್ಲ, ಮಾತ್ಸು ದೇವಿಯ ಹೆಸರೆತ್ತಿ ಬೇಡಿಕೊಂಡೆ. ಈ ಮುದುಕ ಬೀಳಲಿ, ತಲೆ ಒಡೆಯಲಿ, ಇವಳು ಮಾತ್ರ ತಿರುಗದಿರಲಿ.

ಒರೆಸುವ ಕೋಲು ನೆಲಕ್ಕೆ ಬಿದ್ದ ಸದ್ದಾಯಿತು. ಅಷ್ಟರಲ್ಲಿ ಕುವಾನ್‌ಳ ಒಂದು ಕೈ ಅಜ್ಜನ ಸೊಂಟಪಟ್ಟಿಯಲ್ಲಿತ್ತು, ಇನ್ನೊಂದು ಕಂಕುಳಲ್ಲಿ, ಅವಳ ಮಂಡಿ ಅವರ ಮಂಡಿಗೆ ಅಡ್ಡ ನಿಂತಿತ್ತು. ಕಸ ಗುಡಿಸುವವರು ಯಾರೂ ಹಾಗೆ ಹಿಡಿಯುವುದಿಲ್ಲ. ಅಜ್ಜ ಅವಳ ಭುಜದಲ್ಲಿ ಮುಖವಿಟ್ಟು ನಗುತ್ತಿದ್ದರು, ಅಳುತ್ತಿದ್ದರು, ಎರಡೂ ಒಟ್ಟಿಗೆ. ಕುವಾನ್ ಎಲ್ಲ ಮರೆತು ಅವರ ಬೆನ್ನು ತಟ್ಟುತ್ತ, "ಬಂದ್ಯಲ್ಲ ಅಜ್ಜ, ಬಂದ್ಬಿಟ್ಯಲ್ಲ," ಎನ್ನುತ್ತಿದ್ದಳು. ದೇವರಂಥ ಮನುಷ್ಯ ಬೋ-ಹಾನ್ ಬಿಸಿ ಚೀಲ ಹಿಡಿದುಕೊಂಡು ನಿಂತಲ್ಲೇ ನಿಂತಿದ್ದ.

ಫಾಂಗ್ ಎದ್ದು ನಿಂತು ಪೆನ್ನಿನ ಮುಚ್ಚಳ ತೆಗೆದಳು. "ನಿಮ್ಮ ಕ್ಲಿನಿಕ್ಕಲ್ಲಿ ನೆಲ ಒರ್ಸೋರ ಕೈ ಬಹಳ ಚೆನ್ನಾಗಿದೆ," ಎಂದಳು.

ನನ್ನನ್ನು ಒಬ್ಬಳನ್ನೇ ಕೂರಿಸಿಕೊಂಡು ಅವಳು ಬಿಡಿಸಿ ಹೇಳಿದಳು. ಕ್ಲಿನಿಕ್ಕೇ ಕುವಾನ್‌ಳನ್ನು ಈ ಕೆಲಸಕ್ಕೆ ಹಚ್ಚಿದ್ದರೆ ದಂಡ ಕ್ಲಿನಿಕ್ಕಿಗೆ. ವಿಮೆಯ ಒಪ್ಪಂದ ರದ್ದಾಗುತ್ತದೆ, ಕುವಾನ್ ಹೇಳಿದ ಕೆಲಸ ಮಾಡಿದವಳು ಎಂದು ಹಗುರವಾಗಿ ಪಾರಾಗುತ್ತಾಳೆ. ಯಾರಿಗೂ ಗೊತ್ತಿಲ್ಲದೆ ಅವಳೇ ಮಾಡಿದ್ದಾದರೆ ಕೇಸು ಅವಳೊಬ್ಬಳ ಮೇಲೆ. "ಯೋಚ್ನೆ ಮಾಡಿ ಹೇಳಿ, ನಿಮ್ ಹೇಳಿಕೆ ಮೇಲೆ ನಿಂತಿದೆ," ಎಂದಳು. ಆ ಹುಡುಗಿ ನನಗೆ ಬಾಗಿಲು ತೆರೆದು ತೋರಿಸುತ್ತಿದ್ದಳು. ಒಳ್ಳೆಯವಳೇ ಇರಬೇಕು.

ಯೋಚನೆ ಮಾಡಲು ಹೊರಗೆ ಬಂದರೆ ಡಾಕ್ಟರ್ ಕೋ ಕಾಯುತ್ತಿದ್ದರು.

"ಸು-ಓ, ನಿಂಗೀಗ ಐವತ್ತಮೂರು ಅಲ್ವಾ? ಕ್ಲಿನಿಕ್ಕು ಮುಚ್ಚಿದ್ರೆ ನಿನ್ನ ಯಾರ್ ಕರೀತಾರೆ?" ಎಂದರು, ಬಿಪಿ ಎಷ್ಟಿದೆ ಎಂದು ಕೇಳುವ ದನಿಯಲ್ಲೇ. "ಇನ್ನೊಂದು ವಿಷ್ಯ. ಕ್ಲಿನಿಕ್ಕಿಗೆ ಎಲ್ಲ ಗೊತ್ತಿತ್ತು ಅಂತಾದ್ರೆ, ಹನ್ನೊಂದು ವರ್ಷ ಬೋ-ಹಾನ್ ಮುದ್ರೆ ಒತ್ತಿದ್ದು ಯಾರ್ ಕೈ ಅಂತ ಕೇಳ್ತಾರೆ. ನಾನಂತೂ ಒತ್ತಿಲ್ಲಪ್ಪ."

ಹತ್ತು ನಿಮಿಷ ಯೋಚಿಸಿದೆ ಎಂದು ಬೇಕಾದರೆ ಹೇಳಬಹುದು. ಆದರೆ ಒಂದು ನಿಮಿಷವೂ ಯೋಚಿಸಲಿಲ್ಲ. ಡಾಕ್ಟರೂ ಥೆರಪಿಸ್ಟೂ ಇಲ್ಲದ ಹೊತ್ತಿನಲ್ಲಿ, ನಮ್ಮ ಕಣ್ಣು ತಪ್ಪಿಸಿ, ಕುವಾನ್ ತಾನಾಗಿಯೇ ರೋಗಿಗಳ ಮೈ ಮುಟ್ಟುತ್ತಿದ್ದಳು ಎಂದು ಬರೆದುಕೊಟ್ಟು, ಕೆಳಗೆ ನನ್ನದೇ ಹೆಸರಿನ ಮುದ್ರೆ ಒತ್ತಿದೆ. ಒತ್ತಿ ಒತ್ತಿ ಪಳಗಿದ ಕೈ, ಅಚ್ಚು ಸ್ವಲ್ಪವೂ ಓರೆಯಾಗಲಿಲ್ಲ. ಫಾಂಗ್ ಅದನ್ನು ಓದಿ ನನ್ನ ಮುಖ ನೋಡಿದಳು. ನಂಬಿದಳೋ ಇಲ್ಲವೋ, ಅವಳ ಕಡತಕ್ಕೆ ಬೇಕಾದ ಕಾಗದ ಸಿಕ್ಕಿತು.

ಕುವಾನ್‌ಗೆ ನಾನು ಹೇಳಲಿಲ್ಲ. ಸರ್ಕಾರಿ ವಕೀಲರ ಮುಂದೆ ಅದನ್ನು ಓದಿದಾಗಲೇ ಅವಳಿಗೆ ಗೊತ್ತಾದದ್ದು. ಅವತ್ತು ಸಂಜೆ ಫೋನ್ ಮಾಡಿದಳು.

"ಸು-ಓ ಅಕ್ಕಾ, ಒಂದೇ ಒಂದು ಮಾತು. ಬರೀಬೇಕಾದ್ರೆ ನಿನ್ ಕೈ ನಡುಗ್ತಾ?"

"ಬಸ್ಸಲ್ಲಿದ್ದೀನಿ ಕುವಾನ್, ಏನೂ ಕೇಳಿಸ್ತಿಲ್ಲ," ಎಂದು ಇಟ್ಟುಬಿಟ್ಟೆ. ನಾನಿದ್ದದ್ದು ನಮ್ಮ ಮನೆಯ ಅಡುಗೆಮನೆಯಲ್ಲಿ. ಅವಳು ಮತ್ತೆ ಮಾಡಲಿಲ್ಲ.

ಎಂಟು ತಿಂಗಳು ಶಿಕ್ಷೆಯಾಯಿತು. ಆರು ತಿಂಗಳ ಒಳಗಿದ್ದರೆ ಜೈಲಿನ ಬದಲು ದಂಡ ಕಟ್ಟಿ ಹೊರಗಿರಬಹುದಿತ್ತು. ಬೋ-ಹಾನ್ ಜಿಮ್ಮು ಬಿಟ್ಟು ದಿನಾ ಬರತೊಡಗಿದ, ಈಗ ಅವನ ಮುದ್ರೆಯನ್ನು ಅವನೇ ಒತ್ತುತ್ತಾನೆ. ಮುದುಕಿಯರು ಒಂದು ವಾರ ಕಣ್ಣೊರೆಸಿಕೊಂಡರು, ಆಮೇಲೆ ಸೊಸೆಯರ ಸುದ್ದಿಗೆ ವಾಪಸಾದರು.

ಲ್ಯಾವ್ ಅಜ್ಜ ಮಾತ್ರ ಬಂದ ದಿನವೆಲ್ಲ ಬಾಗಿಲಲ್ಲೇ ಎಡಗಾಲು ಊರಿ ಕುರ್ಚಿ ನಿಲ್ಲಿಸಿಬಿಡುತ್ತಿದ್ದರು. ಕೋಣೆಯ ಮೂಲೆ ಮೂಲೆ ನೋಡುವರು. ಎದ್ದು ನಿಂತು ನೋಡುವರು. ತಾನೊಬ್ಬನೇ ಎರಡು ಹೆಜ್ಜೆ ಇಟ್ಟು, ಅವಳು ಎಲ್ಲಿಂದಲೋ ನೋಡುತ್ತಿರಬಹುದು ಎಂಬಂತೆ ಕಾಯುವರು. ಮೂರು ತಿಂಗಳು ಹೀಗೇ ನಡೆಯಿತು. ಬೀ-ಯೂಗೆ ಸಾಕಾಗಿ ಹೋಗಿತ್ತು. ಒಂದು ಬೆಳಗ್ಗೆ ನನ್ನ ಕೌಂಟರಿನ ಮುಂದೆಯೇ ಅವಳ ಕಟ್ಟೆಯೊಡೆಯಿತು.

"ಯಾರನ್ನ ಹುಡುಕ್ತೀಯ? ಅವ್ಳು ಜೈಲಲ್ಲಿದ್ದಾಳೆ! ಕಳಿಸಿದ್ದು ನೀನೇ. ಅವತ್ತು ಎದ್ದು ಕುಣಿದ್ಯಲ್ಲ, ಆ ಹಾಳು ಐದು ಹೆಜ್ಜೆ, ಅದೇ ಅವ್ಳನ್ನ ತಿಂದು ಹಾಕಿದ್ದು!"

ಆರನೆಯ ಮನೆಗಾಗಿ ಅವರನ್ನು ತಳ್ಳಿಕೊಂಡು ಬಂದದ್ದು ತಾನೇ ಎಂಬುದು ಅವಳಿಗೆ ಮರೆತಿತ್ತು, ಅಥವಾ ಅದನ್ನು ಮರೆಯದೆ ಅವಳು ಬದುಕುವಂತಿರಲಿಲ್ಲ. ನನ್ನ ಕಡೆ ತಿರುಗಿದಳು. "ಸುಳ್ಳೇನೇ ಸು-ಓ? ನೀನೇ ಹೇಳು ಇವ್ರಿಗೆ."

ಎದ್ದು ನಿಂತಿದ್ದ ಅಜ್ಜ ನನ್ನ ಮುಖ ನೋಡಿದರು. ಮಾತು ಹೋಗಿತ್ತೇ ಹೊರತು ಬುದ್ಧಿ ಹೋಗಿರಲಿಲ್ಲ. ಅಲ್ಲ ಅಜ್ಜ, ನಿಮ್ಮ ಕಾಲಲ್ಲ, ನನ್ನ ಕೈ. ಅಷ್ಟು ಹೇಳಿದ್ದರೆ ಸಾಕಿತ್ತು. ಅವರು ಯಾರಿಗೂ ಹೇಳಲಾರರು. ಆದರೆ ಬೀ-ಯೂ ಪಕ್ಕದಲ್ಲೇ ಇದ್ದಳು, ಮುದುಕಿಯರು ಕಿವಿ ನಿಮಿರಿಸಿಕೊಂಡಿದ್ದರು, ಡಾಕ್ಟರ ಕೋಣೆಯ ಬಾಗಿಲು ಅರ್ಧ ತೆರೆದಿತ್ತು.

"ನಿಜ ಅಜ್ಜ," ಎಂದೆ. "ಅವತ್ತು ನೀವು ಏಳ್ಬಾರ್ದಿತ್ತು."

ಅವರು ಕುರ್ಚಿಯಲ್ಲಿ ಕೂತು, ಎಡಗೈಯಿಂದ ಬಲಗಾಲನ್ನು ಎತ್ತಿ, ಪಾದವಿಡುವ ಹಲಗೆಯ ಮೇಲೆ ಇಟ್ಟರು. ನಾನು ಅವರ ವಿಮೆ ಕಾರ್ಡನ್ನು ಯಂತ್ರಕ್ಕೆ ಹಾಕಿ ಹೊಸ ಚೀಟಿ ಬರೆದೆ. ಈಗಲೂ ವಾರಕ್ಕೆರಡು ಸಲ ತಪ್ಪದೆ ಬರುತ್ತಾರೆ. ಬೋ-ಹಾನ್ ಅವರನ್ನು ಎತ್ತಿ ಕಂಬಿಯ ನಡುವೆ ನಿಲ್ಲಿಸುತ್ತಾನೆ, ಕೈ ಬಿಟ್ಟ ತಕ್ಷಣ ಅವರೇ ಮಂಡಿ ಮಡಿಸಿ ಕೂತುಬಿಡುತ್ತಾರೆ.