ರಬ್ಬರ್ ಪಟ್ಟಿಗೆ ಆಯುಧಪೂಜೆ

ಋಷಿಕೇಶನ ಫುಟ್‌ಬಾಲ್ ಬೂಟುಗಳು ಮೂರು ವರ್ಷದಿಂದ ಹೊಸದಾಗಿಯೇ ಉಳಿದಿದ್ದವು. ಜೋಪಾನ ಮಾಡಿದ್ದನೆಂದಲ್ಲ. ಸದರ್ನ್ ಅವೆನ್ಯೂ ಹಿಂದಿನ ಅವನ ಪಾಡಾದ, ಅಂದರೆ ಬಂಗಾಳಿ ಓಣಿಯ, ತಂಡದವರು ಪ್ರತಿ ಕಾಳಿಪೂಜೆಯ ಪಂದ್ಯದಲ್ಲೂ ಅವನನ್ನು ಬೆಂಚಿನ ಮೇಲೆ ಕೂರಿಸಿದ್ದರು. ನೀರಿನ ಬಾಟಲಿ ಕೊಡುವುದು, ಆಡುವವರ ಮೊಬೈಲು ಕಾಯುವುದು, ಚಪ್ಪಾಳೆ ತಟ್ಟುವುದು, ಇಷ್ಟರಲ್ಲಿ ಧಾರವಾಡದ ಈ ಸಾಫ್ಟ್‌ವೇರ್ ಎಂಜಿನಿಯರ್ ಪಳಗಿಹೋಗಿದ್ದ. ಈ ಸಲ ಮಾತ್ರ ಆಡಲೇಬೇಕಿತ್ತು. ಜೊತೆಗಿದ್ದ ಅವ್ವ ಶೋಭನಾ ಪಂದ್ಯ ನೋಡಲು ಬರುತ್ತೇನೆಂದಿದ್ದಳು.

ತಂಡದ ಗುರು ಪಲ್ಟುದಾ ಕೆರೆಯ ಪಕ್ಕದ ಬಯಲಿನಲ್ಲಿ ಅವನಿಗೊಂದು ಪರೀಕ್ಷೆ ಇಟ್ಟ. ದಪ್ಪ ರಬ್ಬರ್ ಪಟ್ಟಿಯ ಒಂದು ತುದಿ ಮರಕ್ಕೆ, ಇನ್ನೊಂದು ಋಷಿಕೇಶನ ಸೊಂಟಕ್ಕೆ. ಪಟ್ಟಿ ಹಿಂದಕ್ಕೆಳೆದಂತೆ ಮುಂದಕ್ಕೆ ನುಗ್ಗಿ, ನೆಲದಲ್ಲಿಟ್ಟ ಕೆಂಪು ಕೋನ್ ಮುಟ್ಟಬೇಕು. ತೊಡೆಗೆ ಬಲ ಬರುತ್ತದೆ, ಮೊದಲ ಹೆಜ್ಜೆ ಚುರುಕಾಗುತ್ತದೆ, ಮುಟ್ಟಿದ ದಿನ ಜೆರ್ಸಿ ನಿನ್ನದು ಎಂದ. ಪಟ್ಟಿಯನ್ನು ಮನೆಯಲ್ಲೇ ಇಟ್ಟುಕೊಂಡು ಋಷಿಕೇಶ ದಿನಾ ಬೆಳಿಗ್ಗೆ ಬಂದು ಓಡಿದ. ಕೋನ್ ಎರಡು ಮಾರು ದೂರ ಇರುವಾಗಲೇ ಪಟ್ಟಿ ಅವನನ್ನು ಎಳೆದು ಕೂರಿಸಿತು. ವಾಕಿಂಗಿಗೆ ಬಂದ ಹಿರಿಯರು ಮಣ್ಣಿನ ಕುಡಿಕೆಯಲ್ಲಿ ಚಹಾ ಹೀರುತ್ತ, ಮೊದಲು ಹುಡುಗ ಹೋಗುತ್ತಾನೋ ಮರ ಬರುತ್ತದೋ ಎಂದು ಚರ್ಚೆಗಿಳಿದರು.

ದಸರೆ ಕಳೆದ ಮೇಲೆ ಪವಾಡ ಶುರುವಾಯಿತು. ದಿನದಿನಕ್ಕೂ ಕೋನ್ ಹತ್ತಿರವಾಯಿತು. ಒಂದು ಬೆಳಿಗ್ಗೆ ಮುಟ್ಟಿದ್ದೇನು, ದಾಟಿಯೇ ಹೋದ. ಪಲ್ಟುದಾ ಅಪ್ಪಿಕೊಂಡು ಜೆರ್ಸಿ ಕೊಟ್ಟ. ಆ ದಿನ ಋಷಿಕೇಶ ಆಫೀಸಿನಲ್ಲಿ ಲಿಫ್ಟಿನ ಕಡೆ ತಿರುಗಿಯೂ ನೋಡಲಿಲ್ಲ.

ಮರುದಿನ ಒಬ್ಬನೇ ಓಡುವಾಗ ಪಟ್ಟಿ ಫಟ್ಟೆಂದು ಹರಿಯಿತು. ಬೋರಲು ಬಿದ್ದವನು ತುಂಡೆತ್ತಿ ನೋಡಿದರೆ ಅಂಟಂಟು, ಕೊಬ್ಬರಿ ಎಣ್ಣೆಯ ವಾಸನೆ, ತುದಿಯಲ್ಲಿ ಕುಂಕುಮದ ಗುರುತು. ಮನೆಗೆ ಬಂದು ಕೇಳಿದ.

“ಖಂಡೇಪೂಜಿ ದಿನ ಹೊಲಿಗಿ ಮಷೀನ್ ಜೋಡಿ ಅದನ್ನೂ ಇಟ್ಟಿದ್ನೆಪಾ,” ಎಂದಳು ಅವ್ವ. “ಅದ ನಿನ್ನ ಆಯುಧ ಅಲ್ಲೇನು? ಭಾಳ ಬಿರುಸಿತ್ತು. ಆವತ್ತಿಂದ ದಿನಾ ಸಂಜೀಕ ಒಂಚೂರು ಎಣ್ಣಿ ಹಚ್ಚೇನಿ.”

ಎಣ್ಣೆ ಕುಡಿದು ರಬ್ಬರ್ ಸೊರಗಿತ್ತು. ಬಲ ತನಗೆ ಬಂದದ್ದಲ್ಲ, ಪಟ್ಟಿಯದು ಹೋದದ್ದು! ಋಷಿಕೇಶನಿಗೆ ಅಳು ಬರುವಷ್ಟು ನಾಚಿಕೆಯಾಯಿತು. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಅವ್ವನ ಕಣ್ಣೆದುರು ಸುಳ್ಳಿನ ಜೆರ್ಸಿ ತೊಟ್ಟು ಓಡಲು ಅವನಿಗೆ ಮನಸ್ಸು ಬರಲಿಲ್ಲ. ಜೆರ್ಸಿ ಮಡಿಚಿಕೊಂಡು ಪಲ್ಟುದಾನ ಹತ್ತಿರ ಹೊರಟ. ತಪ್ಪು ತನ್ನದೆಂದು ಅವ್ವನೂ ಬೆನ್ನು ಹತ್ತಿದಳು.

ಕೆಂಡವಾಗಬೇಕಿದ್ದ ಪಲ್ಟುದಾ ಪೂಜೆ ಎಂದೊಡನೆ ತಣ್ಣಗಾದ. ವಿಶ್ವಕರ್ಮ ಪೂಜೆಗೆ ಸ್ಕೂಟರಿಗೆ ಹಾರ ಹಾಕಿ ಕೈಮುಗಿಯುವವನು ಅವನು. ಆದರೂ ಪರೀಕ್ಷೆ ಪರೀಕ್ಷೆಯೇ ಎಂದು ಹೊಸ ಪಟ್ಟಿ ಕಟ್ಟಿದ. ಋಷಿಕೇಶ ಹಲ್ಲು ಕಚ್ಚಿ ನುಗ್ಗಿದ, ಮೈಯೆಲ್ಲ ಚಾಚಿದ. ಬೆರಳು ಕೋನ್‌ನಿಂದ ಒಂದು ಗೇಣು ಇತ್ತಲೇ ನಿಂತಿತು. ಋಷಿಕೇಶ ಸೊಂಟದ ಪಟ್ಟಿ ಬಿಚ್ಚತೊಡಗಿದ.

ಅವ್ವ ತನ್ನ ಹರಕುಮುರುಕು ಹಿಂದಿಯಲ್ಲಿ, ಹೊರಡಲಿದ್ದ ಪಲ್ಟುದಾನನ್ನು ತಡೆದಳು. ಮೊದಲು ಎರಡು ಮಾರು ಉಳಿಯುತ್ತಿತ್ತಂತೆ, ಈಗ ಗೇಣು. ಈ ಪಟ್ಟಿಗಂತೂ ತಾನು ಎಣ್ಣೆ ಹಚ್ಚಿಲ್ಲ, ನಡುವಿನದನ್ನು ಗೆದ್ದವರು ಯಾರು ಎಂದು ಕೇಳಿದಳು. ಪಲ್ಟುದಾ ತಲೆ ಕೆರೆದುಕೊಂಡ. ಗೇಣು ಕಡಿಮೆ ಬಿದ್ದದ್ದಕ್ಕೆ ಅರ್ಧ ಪಂದ್ಯ ಕಡಿತ, ಎರಡನೇ ಅರ್ಧ ಆಡಲಿ ಎಂದು ತೀರ್ಪು ಕೊಟ್ಟ.

ಪಂದ್ಯದ ಬೆಳಿಗ್ಗೆ ಎರಡೂ ಬೂಟಿನ ಮೇಲೆ ಕುಂಕುಮದ ಬೊಟ್ಟಿತ್ತು. ಋಷಿಕೇಶ ಗಾಬರಿಯಿಂದ ಬೆರಳಾಡಿಸಿದ.

“ಎಣ್ಣಿ ಹಚ್ಚಿಲ್ಲ, ಹಾಕ್ಕೊ,” ಎಂದಳು ಅವ್ವ ಒಲೆಯ ಕಡೆಯಿಂದ.

ಸಂಜೆ ಬೂಟಿನ ಕುಂಕುಮ ಕಾಣದಷ್ಟು ಕೆಸರು ಮೆತ್ತಿತ್ತು. ಅವನು ನಲ್ಲಿ ತಿರುಗಿಸಹೋದರೆ ಅವ್ವ ಕಸಿದುಕೊಂಡು, ಎದುರುಮನೆಯವರಿಗೆ ಕಾಣುವಂತೆ ಹೊಸ್ತಿಲಲ್ಲಿಟ್ಟಳು. ಮೂರು ದಿನ ತೊಳೆಯಲು ಬಿಡಲಿಲ್ಲ.