ಬೋಲ್ಟಿನ ಕೆಳಗಿನ ಕೆಂಪು

ಉರಿಯಲಿಲ್ಲ, ಇಲ್ಲೂ ಉರಿಯಲಿಲ್ಲ, ಬ್ಯಾಟರಿಗೆ ಕಚ್ಚಿಸಿದ ಟೆಸ್ಟ್ ಲ್ಯಾಂಪಿನ ಮೊನೆಯನ್ನು ಕಾರಿನ ಪೆಟ್ರೋಲ್ ಪಂಪಿನ ಅರ್ತ್ ವೈರಿಗೆ ಮುಟ್ಟಿಸಿಕೊಂಡು ಸೋಮನಾಥ್ ಮೇಷ್ಟ್ರು ಬಗ್ಗಿಯೇ ನಿಂತಿದ್ದಾರೆ, ಸೊಂಟ ಹಿಡಿದುಕೊಂಡಿದೆ, ತ್ಯಾಗರಾಜನಗರದ ಈ ಗ್ಯಾರೇಜಿನಲ್ಲಿ ಬೆಳಗಿನ ಎಂಟಕ್ಕೇ ಸೆಖೆ, ಒಳಗೆ ಕುಕ್ಕರ್ ಮೂರನೇ ಸಲ ಕೂಗಿತು — ಅರವತ್ನಾಲ್ಕರ ಫಿಯೆಟ್, ರೇಸಿಗೆಂದೇ ಹಿಂದಿನ ಸೀಟು ಕಿತ್ತು ಹಗುರ ಮಾಡಿದ ಫಿಯೆಟ್, ಮನೆಯಲ್ಲಿ ಮುದ್ದಾಗಿ ಸ್ಟಾರ್ಟ್ ಆಗಿ ಚೆನ್ನೈ ಹತ್ತಿರದ ಟ್ರ್ಯಾಕಿನಲ್ಲಿ ಎರಡನೇ ಸುತ್ತಿಗೇ ಮುನಿಸಿಕೊಂಡು ನಿಂತಿತಲ್ಲ, ಹಗ್ಗ ಕಟ್ಟಿ ಟ್ರ್ಯಾಕಿನಿಂದ ಆಚೆ ಎಳೆದರಲ್ಲ, ಹಳೇ ಕಾರಿನ ಗೆಳೆಯರೆಲ್ಲ ನೋಡುತ್ತಿದ್ದರಲ್ಲ, ವೀಡಿಯೊ ತೆಗೆಯುತ್ತಿದ್ದ ಮಗಳು ಪ್ರಕೃತಿ ಓಡಿ ಬಂದು, ಅಪ್ಪಾ, ಏನಾಯ್ತು, ಅಂದಾಗ, ಏನಾಗುತ್ತೆ, ವೈರಿಂಗ್ ಮಾಡಿದವ್ರನ್ನ ಕೇಳು, ಅಂದದ್ದು ತಾವೇ. ಮೂವತ್ತು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿದವರು, ಓಮನ ನಿಯಮವನ್ನು ನಿದ್ದೆಯಲ್ಲೂ ಬರೆಯುವವರು. ವೈರಿಂಗ್ ಮಾಡಿದ್ದು ತಿಲಕ್ ನಗರದ ಗಂಗಾಧರಯ್ಯ, ಓದಿದ್ದು ಏಳನೇ ಕ್ಲಾಸು, ಕರೆಂಟು ನೀರಿದ್ದಂಗೆ ಮೇಷ್ಟ್ರೇ, ಹೋದ್ರೆ ಸಾಲ್ದು, ವಾಪಸ್ ಬರಕ್ಕೂ ದಾರಿ ಬೇಕು, ಅನ್ನುತ್ತಿದ್ದರು, ಮೇಷ್ಟ್ರು ನಕ್ಕಿದ್ದರು.

ಈ ಬೋಲ್ಟು, ಅರ್ತ್ ವೈರನ್ನು ಕಾರಿನ ಮೈಗೆ ಹಿಡಿದಿರುವ ಬೋಲ್ಟು, ಸುತ್ತ ಕೆಂಪು ಬಣ್ಣ, ಫಳಫಳ — ಸ್ಪ್ಯಾನರ್ ಹಾಕಿ ಬಿಚ್ಚಿದರೆ ವಾಷರಿನ ಕೆಳಗೂ ಕೆಂಪು, ತೂತಿನೊಳಗೂ ಕೆಂಪು, ಬಣ್ಣದ ಮೂಲಕ ಕರೆಂಟು ಹರಿಯುವುದಿಲ್ಲ, ಬೋಲ್ಟಿನ ಹಲ್ಲಿನಲ್ಲಿ ಎಲ್ಲೋ ಚೂರು ತಾಗಿಕೊಂಡು ಓಡಿದ್ದು ಟ್ರ್ಯಾಕಿನ ಕುಲುಕಿಗೆ ತಪ್ಪಿದೆ, ಇದನ್ನು ಯಾರಿಗೆ ಪಾಠ ಮಾಡಬೇಕು ಈಗ, ರೇಸಿನ ಹಿಂದಿನ ಭಾನುವಾರ, ವೈರಿಂಗ್ ಎಲ್ಲ ಮುಗಿದ ಮೇಲೆ, ಫೋಟೋದಲ್ಲಿ ಅಂದವಾಗಿ ಕಾಣಲಿ ಎಂದು ಬೋಲ್ಟು ಬಿಚ್ಚಿ ಬ್ರಶ್ಶು ಹಿಡಿದವರು ಯಾರು, ಗಂಗಾಧರಯ್ಯನವರಿಗೆ ಒಂದು ಮಾತೂ ಹೇಳದೆ, ಥೂ. ಖಾತ್ರಿಗೆ ಪಕ್ಕದಲ್ಲಿ ಚೂರು ಬಣ್ಣ ಕೆರೆದು ನೋಡೋಣ ಎಂದು ಮೊನೆ ಇಡಲು ಹೋದರೆ — ಅಲ್ಲಿ ಆಗಲೇ ಕೆರೆದಿದೆ. ಸಾಸಿವೆಯಷ್ಟು, ಒಳಗಿನ ತಗಡು ಕಾಣುವಷ್ಟು. ಮುಟ್ಟಿಸಿದರು, ದೀಪ ಹತ್ತಿತು. ಲಾರಿಯಲ್ಲಿ ವಾಪಸು ಬಂದ ಕಾರು ಮೂರು ವಾರ ಟಾರ್ಪಾಲಿನಡಿ ಇತ್ತು, ಯಾರೂ ಮುಟ್ಟಿಲ್ಲ, ಹಾಗಾದರೆ ಕೆರೆದದ್ದು ಅವತ್ತೇ, ಟ್ರ್ಯಾಕಿನಲ್ಲೇ, ಗಂಗಾಧರಯ್ಯ ಬಾನೆಟ್ಟಿನಿಂದ ತಲೆಯೆತ್ತಿ, ಮೇಷ್ಟ್ರೇ, ಒಂದ್ನಿಮಿಷ ಈ ಕಡೆ ಬನ್ನಿ, ಅಂದಿದ್ದು ಇದಕ್ಕೇ — ಈ ಕಡೆ ಯಾಕ್ರೀ, ಇಲ್ಲೇ ಹೇಳಿ, ಎಲ್ರೂ ಕೇಳ್ಲಿ, ಬರಲ್ಲ ಅಂದ್ಮೇಲೆ ಯಾಕ್ರೀ ಕೆಲ್ಸ ಒಪ್ಕೋತೀರಿ, ಕಣ್ಣು ಕಾಣುತ್ತೇನ್ರೀ ನಿಮ್ಗೆ, ಅಂತ ಕೂಗಾಡಿದ್ದು ತಾವು — ಪ್ರಕೃತಿ ಇಣುಕಲು ಬಂದಳು, ಆಗ ಆ ಹೆಬ್ಬೆರಳು, ಗ್ರೀಸು ಮೆತ್ತಿದ ಹೆಬ್ಬೆರಳು, ಕೆರೆದ ಜಾಗ ಕಾಣದಂತೆ ಅದರ ಮೇಲೆ ಬಂದು ಕೂತಿತು, ನಂದೇ ತಪ್ಪು ಮೇಷ್ಟ್ರೇ, ಅಂದರು ಗಂಗಾಧರಯ್ಯ, ಪ್ರಕೃತಿಯ ಮುಖ ನೋಡಿಕೊಂಡು. ಒಬ್ಬರೇ ಬಸ್ಸು ಹತ್ತಿ ಊರಿಗೆ ಬಂದರು.

ಅಷ್ಟಕ್ಕೆ ಬಿಟ್ಟರೇ ಮೇಷ್ಟ್ರು, ಇಲ್ಲ, ಗೆಳೆಯರ ಗ್ರೂಪಿನಲ್ಲಿ ಬರೆದರು, ಗಂಗಾಧರಯ್ಯನವರಿಗೆ ವಯಸ್ಸಾಯಿತು, ಯಾರೂ ಕಾರು ಕೊಡಬೇಡಿ, ಹೆಬ್ಬೆರಳು ಎತ್ತಿದ ಚಿತ್ರ ಹದಿನಾಲ್ಕು ಜನ ಒತ್ತಿದರು, ಗ್ರೂಪಿನ ಮಯೂರ್ ತನ್ನ ಜೀಪನ್ನು ಗಂಗಾಧರಯ್ಯನವರ ಅಂಗಡಿಯಿಂದ ವಾಪಸು ತಂದನಂತೆ, ವಿಷ್ಣು ಕೂಡ, ಅಂಗಡಿ ಈಗ ಮಧ್ಯಾಹ್ನಕ್ಕೇ ಮುಚ್ಚುತ್ತದಂತೆ — ನಾಚಿಕೆಯಾಗುತ್ತಿದೆ, ಕಿವಿ ಸುಡುವಷ್ಟು ನಾಚಿಕೆ, ಫೋನು ತೆಗೆದು ಗ್ರೂಪಿಗೆ ಬರೆದರು, ವೈರಿಂಗಿನಲ್ಲಿ ದೋಷವಿರಲಿಲ್ಲ ಎಂದು ತಿಳಿದುಬಂದಿದೆ, ತಿಳಿದುಬಂದಿದೆಯಂತೆ, ಯಾರಿಗೋ, ಅಳಿಸಿದರು, ಬಣ್ಣ ಬಳಿದದ್ದು ನಾನು, ಅದನ್ನೂ ಅಳಿಸಿದರು, ಈಗ ಸುಮ್ಮನೆ ಬಣ್ಣ ಕೆರೆದು ಬೋಲ್ಟು ಬಿಗಿದರೆ ಯಾರಿಗೆ ಗೊತ್ತಾಗುತ್ತದೆ, ಗೊತ್ತಿದ್ದ ಒಬ್ಬರು ಮೂರು ವಾರದಿಂದ ಬಾಯಿ ಬಿಟ್ಟಿಲ್ಲ, ಮಧ್ಯಾಹ್ನಕ್ಕೇ ಅಂಗಡಿ ಮುಚ್ಚಿಕೊಂಡು ಕೂರುತ್ತಾರೆ, ಆ ಹೆಬ್ಬೆರಳು, ಎಷ್ಟು ಮೆಲ್ಲಗೆ ಬಂದು ಕೂತಿತು — ಅಪ್ಪಾ, ಕಾಫಿ, ಸಿಕ್ತಾ ಫಾಲ್ಟು, ಪ್ರಕೃತಿ ಲೋಟ ಹಿಡಿದು ಬಂದೇ ಬಿಟ್ಟಳು, ಪಕ್ಕದಲ್ಲೇ ಬಗ್ಗಿದಳು, ಏನ್ ಎಡವಟ್ಟು ಮಾಡಿದ್ರು ಗಂಗಾಧರಯ್ಯ, ಅಂದಳು — ಹೇಳು, ಸೋಮನಾಥ, ಈಗಲಾದರೂ ಹೇಳು, ಕೆಳಗೆ ನೋಡಿದರೆ ಕೆರೆದ ಜಾಗ ಕಾಣುತ್ತಿಲ್ಲ, ಅದರ ಮೇಲೆ ಒಂದು ಹೆಬ್ಬೆರಳು, ತಮ್ಮದೇ, ಯಾವಾಗ ಹೋಗಿ ಕೂತಿತೋ, ಎತ್ತಬೇಕು, ಎತ್ತಬೇಕು, ಹೆಬ್ಬೆರಳು —