ಮೂರು ಊರಿನ ಸೂಪು, ಹಯವದನರಾಯರ ಸಿಟ್ಟು

ಹಯವದನರಾಯರಿಗೆ ಸಿಟ್ಟು ಬಂದರೆ ಸಾಬರ್‌ಮತಿಯ ನೀರು ಕುದಿಯುತ್ತದೆ ಎಂದು ಅಹಮದಾಬಾದಿನ ಅವರ ವಿಮಾ ಕಚೇರಿಯಲ್ಲಿ ಮಾತಿತ್ತು. ತೊಂಬತ್ತೆಂಟರ ಆ ಬೇಸಿಗೆಯಲ್ಲಿ ಹೊಳೆಯಲ್ಲಿ ನೀರೇ ಇರಲಿಲ್ಲ. ಅದು ಬತ್ತಿದ್ದಕ್ಕೂ ರಾಯರೇ ಕಾರಣ ಎಂದು ನಂಬಿದವರಿದ್ದರು.

ಸಿಟ್ಟಿಗೆ ತಕ್ಕ ಮೈಯೂ ಇತ್ತು. ಸ್ಯಾಟಲೈಟ್ ಬಡಾವಣೆಯ ಫ್ಲ್ಯಾಟಿನಲ್ಲಿ ಅವರು ಲಿಫ್ಟಿಗೆ ಕಾಲಿಟ್ಟರೆ ಅದು ಮೊದಲು ಪಾತಾಳಕ್ಕೆ ಹೋಗಿ, ಒಂದು ಉಸಿರು ಎಳೆದುಕೊಂಡು, ಆಮೇಲೆ ಮೇಲೆ ಹೊರಡುತ್ತಿತ್ತು. ಒಮ್ಮೆ ಸೂರತ್ತಿನಲ್ಲಿ ಅವರು ಆಟೋದ ಹಿಂದಿನ ಸೀಟಿನಲ್ಲಿ ಕೂತದ್ದೇ ತಡ, ಮುಂದಿನ ಗಾಲಿ ಆಕಾಶಕ್ಕೆದ್ದು, ಡ್ರೈವರು ಹ್ಯಾಂಡಲ್ ಹಿಡಿದು ಬಾವಲಿಯಂತೆ ನೇತಾಡಿದ್ದ. ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಇದ್ದರೂ ಅರ್ಧ ಅಕ್ಷರ.

ಕೊನೆಗೆ ಮುಂಬೈಯ ಒಬ್ಬ ಡಾಕ್ಟರು ಅವರ ಹೊಟ್ಟೆಯನ್ನು ಹೊಲಿದು ನಿಂಬೆಹಣ್ಣಿನಷ್ಟು ಮಾಡಿ, ಕರುಳಿಗೆ ಅಡ್ಡದಾರಿ ಹಾಕಿ ಕಳಿಸಿದರು. "ಸದ್ಯಕ್ಕೆ ತೆಳ್ಳಗಿನ ಸೂಪು ಮಾತ್ರ. ಕೆನೆ, ಬೆಣ್ಣೆ ಬೇಡ. ಹಿಟ್ಟು ಕದಡಿ ಮಂದ ಮಾಡಿದ್ದು ಬೇಡ. ಸಿಹಿಯಂತೂ ಬೇಡವೇ ಬೇಡ, ತಲೆ ತಿರುಗಿ ಬೀಳುತ್ತೀರಿ. ಚಮಚ ಚಮಚವಾಗಿ, ನಿಧಾನವಾಗಿ ಕುಡಿಯಿರಿ."

ಇಷ್ಟು ಸುಲಭದ ಪಥ್ಯವನ್ನು ಪ್ರಪಂಚದ ಯಾವ ಮೂಲೆಯಲ್ಲಾದರೂ ಮಾಡಬಹುದಿತ್ತು. ಆದರೆ ರಾಯರಿದ್ದದ್ದು ಬೇಳೆಗೂ ಸಕ್ಕರೆ ಹಾಕುವ ಗುಜರಾತಿನಲ್ಲಿ, ಮಾಡುತ್ತಿದ್ದದ್ದು ಊರೂರು ತಿರುಗಿ ಶಾಖೆಗಳನ್ನು ತಪಾಸಣೆ ಮಾಡುವ ಕೆಲಸ.

ಡ್ಯೂಟಿಗೆ ಮರಳಿದ ಮೊದಲ ದಿನವೇ ಕಚೇರಿಯ ಎದುರಿನ ಹೋಟೆಲಿನಲ್ಲಿ ಟೊಮೆಟೊ ಸೂಪು ಹೇಳಿದರು. "ಶಕ್ಕರ್ ನಹೀ ಡಾಲನಾ" ಎಂದು ವೇಟರಿಗೆ ಮೂರು ಸಲ ಹೇಳಿದರು. ಬಂದದ್ದು ಪಾಯಸ. ಮೇಲೆ ಕೆನೆಯ ಒಂದು ದ್ವೀಪ, ಅದರ ಸುತ್ತ ಎಣ್ಣೆಯಲ್ಲಿ ಕರಿದ ಬ್ರೆಡ್ಡಿನ ದೋಣಿಗಳು. ರಾಯರು ಬಾಯಿಗಿಟ್ಟು ಸಿಹಿ ಎಂದು ಗುಡುಗಿದ ಮೇಲೆ ವೇಟರು ನಕ್ಕು ಹೇಳಿದ: "ಮೀಠಾ ನಥೀ ಸಾಹೇಬ್, ಖಾಲೀ ಟೇಸ್ಟ್ ಮಾಟೇ." ಸಿಹಿ ಅಲ್ಲವಂತೆ, ಬರೀ ರುಚಿಗಂತೆ! ರಾಯರು ಬೆವರಿ, ಎದೆ ನಗಾರಿಯಾಗಿ, ಕೈತೊಳೆಯುವ ಬೇಸಿನ್ನಿನಲ್ಲಿ ಕಕ್ಕಿ, ಅಲ್ಲೇ ಕುಸಿದರು. ಎತ್ತಿಕೊಂಡು ಹೋಗಲು ಅರ್ಧ ಕಚೇರಿಯೇ ಬರಬೇಕಾಯಿತು.

ಮ್ಯಾನೇಜರ್ ಪಟ್ಟಾಭಿರಾಮ್ ಮರುದಿನ ಕರೆದು ಮೆತ್ತಗೆ ಹೇಳಿದರು: "ರಾಯರೇ, ಸೂರತ್ತು, ವಡೋದರಾ ಒಂದು ಸುತ್ತು ಹೋಗಿ ಬನ್ನಿ. ನೆಟ್ಟಗೆ ಬಂದಿರೋ, ಟೂರು ನಿಮ್ಮದೇ. ಮತ್ತೆ ಎಲ್ಲಾದರೂ ಬಿದ್ದಿರೋ, ರೆಕಾರ್ಡು ರೂಮಿನಲ್ಲಿ ಕೂರಿಸ್ತೀನಿ. ನಿಮ್ಮ ಒಳ್ಳೇದಕ್ಕೇ."

ರೆಕಾರ್ಡು ರೂಮು! ತಾವು ಬರುತ್ತೇವೆಂದು ಸುದ್ದಿ ಹಬ್ಬಿದರೆ ಸೌರಾಷ್ಟ್ರದವರೆಗಿನ ಗುಮಾಸ್ತರು ರಜೆ ಹಾಕುತ್ತಿದ್ದರು. ಅಂಥವರು ಜಿರಲೆ ಕಾಯುತ್ತ ಕೂರಬೇಕೆ? ಅದೂ ಒಂದು ಬಟ್ಟಲು ಸೂಪಿನ ದೆಸೆಯಿಂದ?

ಸೂರತ್ತಿನಲ್ಲಿ ಕೆಲಸ ಮುಗಿಯುವಷ್ಟರಲ್ಲಿ ಕತಾರ್‌ಗಾಮಿನ ವಜ್ರದ ಕಾರ್ಖಾನೆಯ ಮಗನ್‌ಭಾಯಿ ಹಿಡಿದುಕೊಂಡ. ಹಳೆಯ ಪಾಲಿಸಿದಾರ, ಪ್ರೀತಿಯಲ್ಲಿ ಮನುಷ್ಯನನ್ನು ಕೊಲ್ಲಬಲ್ಲವ. ಹೊಸ ಚೈನೀಸ್ ಹೋಟೆಲಿಗೆ ಎಳೆದುಕೊಂಡು ಹೋಗಿ, "ಸಾಹೇಬರಿಗೆ ಸೂಪು ಮಾತ್ರ!" ಎಂದು ಗುಡುಗಿದ. ಬಂದ ಸ್ವೀಟ್ ಕಾರ್ನ್ ಸೂಪಿನಲ್ಲಿ ರಾಯರು ಚಮಚ ಊರಿದರು. ಚಮಚ ಗರುಡಗಂಬದಂತೆ ನೆಟ್ಟಗೆ ನಿಂತಿತು. ಆ ಒಂದು ಬಟ್ಟಲಿನಲ್ಲಿ ಇಡೀ ಸೂರತ್ತಿಗೆ ಚುನಾವಣೆಯ ಪೋಸ್ಟರು ಅಂಟಿಸಬಹುದಿತ್ತು.

"ಏಕ್ ಚಮಚೀ, ಸಾಹೇಬ್! ಮಾರಾ ಸಮ್!" ಮಗನ್‌ಭಾಯಿ ತನ್ನ ಮೇಲೇ ಆಣೆ ಇಟ್ಟ. ಚಮಚವನ್ನು ರಾಯರ ತುಟಿಗೇ ತಂದ.

ಆಣೆ ಇಟ್ಟ ಮೇಲೆ ಬೇಡ ಎಂದರೆ ಆತ ಸತ್ತರೂ ಸಾಯಲಿ ಎಂದಂತೆ. ರಾಯರು ಅಷ್ಟನ್ನೂ ಯೋಚಿಸಿದರು. ಆಮೇಲೆ ಎದ್ದು ನಿಂತು, "ಮಗನ್‌ಭಾಯಿ, ನಿಮ್ಮ ಜೀವಕ್ಕೆ ಪಾಲಿಸಿ ಇದೆ, ನನ್ನ ಹೊಟ್ಟೆಗಿಲ್ಲ!" ಎಂದು ಹಿಂದಿಯಲ್ಲಿ ಗರ್ಜಿಸಿದ ರಭಸಕ್ಕೆ ಗೋಡೆಯ ಕಾಗದದ ಡ್ರ್ಯಾಗನ್ನು ಕಣ್ಣು ಮುಚ್ಚಿಕೊಂಡಿತು. ಬರೀ ನೀರು ಕುಡಿದು ಮಲಗಿ, ವಡೋದರಾದ ಬೆಳಗಿನ ರೈಲು ಹಿಡಿದರು.

ವಡೋದರಾದಲ್ಲಿ ಮಾತ್ರ ಭಯವಿರಲಿಲ್ಲ. ಅಲ್ಲಿ ಸ್ಟೇಷನ್ನಿನ ಹತ್ತಿರ ಉಡುಪಿ ಹೋಟೆಲು ನಡೆಸುತ್ತಿದ್ದದ್ದು ಹೆಂಡತಿ ತಾರಾಳ ಸ್ವಂತ ತಮ್ಮ ರಾಮಕೃಷ್ಣ. ನಮ್ಮವರ ತಿಳಿಸಾರಿನಂಥ ಸೂಪು ಭೂಮಂಡಲದಲ್ಲಿ ಇನ್ನೆಲ್ಲಿದೆ? ಹಸಿವಿನಿಂದ ಕಣ್ಣು ಕತ್ತಲಿಟ್ಟ ರಾಯರು ನಡುಮಧ್ಯಾಹ್ನ, ಊಟದ ನೂಕುನುಗ್ಗಲಿನಲ್ಲೇ ಬಂದು ಕೂತರು.

"ರಾಮಕೃಷ್ಣ, ಒಂದು ಬಟ್ಟಲು ತಿಳಿಸಾರು ಕೊಡು. ಸಕ್ಕರೆ ಗಿಕ್ಕರೆ ಇಲ್ಲವಲ್ಲ?"

"ಎಂತ ಭಾವ ನೀವು! ನಮ್ಮ ಸಾರಿಗೆ ಸಕ್ಕರೆಯಾ? ಒಂದು ಹರಳು ಇದ್ದರೆ ಇವತ್ತೇ ಹೋಟೆಲಿಗೆ ಬೀಗ ಹಾಕ್ತೇನೆ."

ಮೊದಲ ಚಮಚ ಅಮೃತ. ಎರಡನೆಯದಕ್ಕೆ ನಾಲಗೆ ಏನನ್ನೋ ಗುರುತು ಹಿಡಿಯಿತು. ಹಣೆಯಲ್ಲಿ ಬೆವರು ಒಡೆಯಿತು, ಎದೆ ಓಡತೊಡಗಿತು. ರಾಯರು ಹಲ್ಲು ಕಚ್ಚಿ ಮೇಜನ್ನು ಹಿಡಿದುಕೊಂಡರು. ಮೇಜಿನ ಕಲ್ಲಿನ ಮೇಲೆ ಅವರ ಬೆರಳಿನ ಗುರುತು ಈಗಲೂ ಇದೆಯಂತೆ. ಹೊಟ್ಟೆ ಗಂಟಲಿನವರೆಗೆ ಬಂದು, ರೆಕಾರ್ಡು ರೂಮನ್ನು ನೆನೆದು, ಹಿಂದೆ ಹೋಯಿತು. ಎದೆಬಡಿತ ಇಳಿದದ್ದೇ ನೆಟ್ಟಗೆ ಅಡುಗೆಮನೆಗೆ ನುಗ್ಗಿದರು. ಅಲ್ಲಿ ಅಡುಗೆಯವನು ಸಾರಿನ ಹಂಡೆಗೆ ತೆಂಗಿನಕಾಯಿಯಷ್ಟು ದೊಡ್ಡ ಬೆಲ್ಲದ ಉಂಡೆ ಹಾಕುತ್ತಿದ್ದ.

"ರಾಮಕೃಷ್ಣಾ! ಇದೆಂತದು?"

ಹಿಂದೆಯೇ ಓಡಿ ಬಂದ ರಾಮಕೃಷ್ಣ ಮಿಕಮಿಕ ನೋಡಿದ. "ಬೆಲ್ಲ, ಭಾವ."

"ಸಕ್ಕರೆ ಇಲ್ಲ ಅಂದೆಯಲ್ಲ!"

"ಇಲ್ಲವಲ್ಲ! ಬೆಲ್ಲವನ್ನು ಯಾರಾದರೂ ಸಕ್ಕರೆ ಅಂತಾರಾ? ಬೆಲ್ಲ ಹಾಕದೆ ಸಾರು ಆಗ್ತದಾ? ನಿಮ್ಮ ಅಮ್ಮ ಹಾಕ್ತಿರಲಿಲ್ವಾ? ಇಲ್ಲಿಯ ಗಿರಾಕಿಗಳಿಗೆ ಇನ್ನೊಂದು ಉಂಡೆ ಹೆಚ್ಚು, ಅಷ್ಟೇ."

ಅಮ್ಮ ಹಾಕುತ್ತಿದ್ದಳು. ಅದೇ ರಾಯರಿಗೆ ಉರಿ ಹತ್ತಿಸಿದ್ದು. ಹುಟ್ಟಿದಂದಿನಿಂದ ಬೆಲ್ಲದ ಸಾರು ಉಂಡು, ಅದನ್ನು ಸಿಹಿಯ ಲೆಕ್ಕಕ್ಕೇ ಹಿಡಿಯದೆ, ಬರೀ ಸಕ್ಕರೆ ಇದೆಯೇ ಎಂದು ಕೇಳಿದ್ದರಲ್ಲ! ಆ ವೇಟರಿಗೂ ಇವನಿಗೂ ತಮಗೂ ಏನು ವ್ಯತ್ಯಾಸ? ತಮ್ಮ ಮೇಲಿನ ಸಿಟ್ಟನ್ನೂ ಸೇರಿಸಿ ಪೂರ್ತಿ ಭಾವಮೈದುನನ ಮೇಲೆ ಹೊರಿಸಿದರು.

"ನನ್ನನ್ನು ಕೊಂದೇ ಬಿಡ್ತಿದ್ದೆ, ದರಿದ್ರದವನೇ! ಅಲ್ಲಿ ಬೆಂದ ಬೇಳೆ ಇದೆಯಲ್ಲ, ಅದರ ಮೇಲಿನ ತಿಳಿ ಬಗ್ಗಿಸು. ಉಪ್ಪು, ಕಾಳುಮೆಣಸು, ಒಂದು ಹನಿ ನಿಂಬೆ. ಬೇರೆ ಏನಾದರೂ ಹಾಕಿದರೆ ಕೈ ಮುರೀತೇನೆ."

"ಬೇಳೆಕಟ್ಟಾ? ಕಾಯಿಲೆಯವರಿಗೆ ಕೊಡುವಂಥದ್ದು!" ರಾಮಕೃಷ್ಣನ ಮುಖ ಸಣ್ಣದಾಯಿತು. "ಸ್ವಂತ ಭಾವನಿಗೇ ಬೇಳೆನೀರು ಕೊಟ್ಟ ಅಂತ ಗಿರಾಕಿಗಳು ಆಡಿಕೊಳ್ತಾರೆ. ಇಲ್ಲೇ ಬಾಗಿಲ ಮರೆಯಲ್ಲಿ ಕುಡಿದುಬಿಡಿ, ಆಯ್ತಾ?"

ಮರೆಯಲ್ಲಿ! ರಾಯರ ಮೂಗಿನ ಹೊಳ್ಳೆಯ ಗಾಳಿಗೆ ಒಲೆಯ ಉರಿ ಬಾಗಿತು. ಮರೆಯಲ್ಲಿ ಕೂತು ಉಣ್ಣುವುದಾದರೆ ರೆಕಾರ್ಡು ರೂಮೇ ಸಾಲದೆ? ರಾಮಕೃಷ್ಣ ಬಗ್ಗಿಸಿಕೊಟ್ಟ ಬೇಳೆಕಟ್ಟಿನ ಬಟ್ಟಲನ್ನು ಅವರು ಎರಡೂ ಕೈಯಲ್ಲಿ ಹಿಡಿದು ಹೊರಗೆ ಬಂದು, ನಟ್ಟನಡುವಿನ ಫ್ಯಾನಿನ ಕೆಳಗಿನ ಮೇಜಿಗೆ ಕೂತರು.

ಚಮಚ ಚಮಚವಾಗಿ, ನಿಧಾನವಾಗಿ.

ಊಟದ ಹೊತ್ತಿನಲ್ಲಿ ಇಂಥ ಹೋಟೆಲುಗಳಲ್ಲಿ ಕೂತವನ ಕುರ್ಚಿಯ ಹಿಂದೆಯೇ ಮುಂದಿನವನು ನಿಲ್ಲುತ್ತಾನೆ, ಬೆನ್ನಿಗೆ ಉಸಿರು ಬಿಡುತ್ತಾನೆ. ರಾಯರ ಹಿಂದೆ ಒಬ್ಬ ನಿಂತ. ಅವನ ಹಿಂದೆ ಇನ್ನೊಬ್ಬ. ಸಾಲು ಬಾಗಿಲು ದಾಟಿ, ರಸ್ತೆ ದಾಟಿ, ರೈಲ್ವೆ ಪ್ಲಾಟ್‌ಫಾರ್ಮಿಗೆ ಹೋಗಿ ಮುಟ್ಟಿತು. "ಜಲ್ದಿ ಕರೋ ನೇ, ಕಾಕಾ!" ಎಂದು ಹಿಂದಿನವನು ಗೊಣಗಿದ. ರಾಯರು ತಿರುಗಿ ಒಂದು ನೋಟ ನೋಡಿದರು. ಅವನಿಗೆ ಹಸಿವೇ ಹೋಯಿತು.

ಗಲ್ಲಾದಿಂದ ರಾಮಕೃಷ್ಣ ಕೈಮುಗಿದ. "ಭಾವಾ, ಸ್ವಲ್ಪ ಬೇಗ ಮಾರಾಯ್ರೇ..."

"ಡಾಕ್ಟರು ನಿಧಾನ ಅಂದಿದ್ದಾರೆ."

ಬಟ್ಟಲು ಖಾಲಿಯಾಯಿತು. ರಾಯರು ಕೈಯನ್ನು ಹೊಟ್ಟೆಯ ಮೇಲಿಟ್ಟು ಕಾದರು. ಬೆವರಿಲ್ಲ. ತಲೆ ತಿರುಗಲಿಲ್ಲ. ನಿಂಬೆಹಣ್ಣಿನಷ್ಟು ಹೊಟ್ಟೆ ಬೆಕ್ಕಿನಂತೆ ಸುಮ್ಮನೆ ಮಲಗಿತ್ತು. ಆದರೂ ಅವರು ಏಳಲಿಲ್ಲ. ಕುಡಿದದ್ದು ಹೊಟ್ಟೆಯಲ್ಲಿ ಖಂಡಿತ ನಿಂತಿತು ಎಂದಾಗುವವರೆಗೂ ಕೂತೇ ಇದ್ದು, ಆಮೇಲೆ ಗಲ್ಲಾಕ್ಕೆ ಹೋಗಿ, ಕೇಳದೆಯೇ ಫೋನು ಎತ್ತಿ ಪಟ್ಟಾಭಿರಾಮರಿಗೆ ಹಚ್ಚಿದರು.

"ಸರ್, ನೆಟ್ಟಗೆ ನಿಂತೇ ಮಾತಾಡ್ತಿದ್ದೇನೆ. ಇಲ್ಲಿಯ ಶಾಖೆಗೆ ಈಗ ಹೊರಟೆ. ಮುಂದಿನ ತಿಂಗಳ ಟೂರೂ ನನ್ನ ಹೆಸರಿಗೇ ಬರೀರಿ."

ಫೋನು ಕುಕ್ಕಿ, ರಾಮಕೃಷ್ಣನ ಕಡೆ ತಿರುಗಿದರು.

"ಕೇಳಿತಲ್ಲ? ಇನ್ನು ತಿಂಗಳು ತಿಂಗಳು ಬರ್ತೇನೆ. ಮಧ್ಯಾಹ್ನವೇ ಬರ್ತೇನೆ. ಅದೇ ಮೇಜು."